ಜೀಪು ಹೋಗದ ಕೆರೆ

ಈ ದೀಪಾವಳಿಗೆ ಸಾಗರಕ್ಕೆ ಬಂದಿದ್ದೆ. ಕೊಡಚಾದ್ರಿಗೆ ನಡೆದೇ ಹತ್ತೋಣ ಅಂದೆ. ಚಿಕ್ಕಪ್ಪನ ಮಗ ನಕ್ಕುಬಿಟ್ಟ. "ಜೀಪ್ ಇರುವಾಗ ಯಾರು ನಡೀತಾರೆ ಅಣ್ಣ? ಸುಮ್ನೆ ಕಾಲುನೋವು." ಕೊನೆಗೆ ಜೀಪಿನಲ್ಲೇ ಹೋದೆವು. ಸರ್ವಜ್ಞ ಪೀಠದ ಹತ್ತಿರ ನಿಂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಹಾರನ್ ಶುರುವಾಯಿತು. ಡ್ರೈವರ್‌ಗಳು ತಮ್ಮ ತಮ್ಮ ಜನರನ್ನು ಕರೆಯುತ್ತಿದ್ದರು. ಹೊಟ್ಟೆಯಲ್ಲಿ ಏನೋ ಸಂಕಟ.

ನಾನಿರುವುದು ಸಿಯಾಟಲ್‌ನಲ್ಲಿ. ಅಲ್ಲಿಂದ ಪೂರ್ವಕ್ಕೆ ಹೋದರೆ ಆಲ್ಪೈನ್ ಲೇಕ್ಸ್ ವೈಲ್ಡರ್‌ನೆಸ್ ಎಂಬ ಕಾಡು ಸಿಗುತ್ತದೆ. ಅದರೊಳಗೆ ಹತ್ತಿರ ಹತ್ತಿರ 700 ಕೆರೆಗಳು. ಆಗಸ್ಟ್‌ನಲ್ಲಿ ಅಲ್ಲಿನ ವಾಪ್ಟಸ್ ಕೆರೆಗೆ ಹೋಗಿದ್ದೆ. ಕಾರು ನಿಲ್ಲಿಸಿದ ಮೇಲೆ ಸುಮಾರು 13 ಕಿಲೋಮೀಟರ್ ನಡಿಗೆ. ದಾರಿ ಶುರುವಾಗುವಲ್ಲಿ ಒಂದು ಪೆಟ್ಟಿಗೆ ಇದೆ. ನಮ್ಮ ಪರ್ಮಿಟ್ ನಾವೇ ಬರೆದು, ಒಂದು ಪ್ರತಿ ಅದಕ್ಕೆ ಹಾಕಿ ಹೊರಡಬೇಕು. ಒಂದು ಗುಂಪಿನಲ್ಲಿ 12 ಜನರಿಗಿಂತ ಜಾಸ್ತಿ ಇರುವಂತಿಲ್ಲ. ಜೀಪಿರಲಿ, ಸೈಕಲ್ಲೂ ಒಳಗೆ ಹೋಗುವಂತಿಲ್ಲ. 1964ರ ಕಾನೂನು ಅದು. ದಾರಿಗೆ ಅಡ್ಡ ಬಿದ್ದ ಮರ ಕೊಯ್ಯಲೂ ಸಾಮಾನ್ಯವಾಗಿ ಮೋಟಾರ್ ಗರಗಸ ಬಳಸುವುದಿಲ್ಲ. ಅಂಥ ಒಂದು ದಿಮ್ಮಿಯ ಕೊಯ್ದ ಮುಖವನ್ನು ಮುಟ್ಟಿ ನೋಡಿದೆ. ಇಬ್ಬರು ಆಚೆ ಈಚೆ ನಿಂತು ಎಳೆಯುವ ಉದ್ದ ಗರಗಸದ ಗೀರುಗಳು. ಬೆರಳಿಗೆ ರಾಳ ಅಂಟಿತು. ನಮ್ಮ ಅಜ್ಜನ ಕಾಲದಲ್ಲೂ ಮರ ಕೊಯ್ಯುತ್ತಿದ್ದದ್ದು ಹಾಗೇ ಅಲ್ವಾ?

ಕೆರೆ ಮುಟ್ಟಿದಾಗ ಹೆಗಲು ಸೋತಿತ್ತು. ನೀರಿಗೆ ಕಾಲು ಇಳಿಬಿಟ್ಟೆ. ಎಲ್ಲೋ ಒಂದು ಮೀನು ಎಗರಿದ ಸದ್ದು, ಅಷ್ಟೇ. ಆಗ ನೆನಪಾದದ್ದು ಊರು. ಉಂಬಳಕ್ಕೆ (ಜಿಗಣೆಗೆ) ಹೆದರಿ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು ಗುಡ್ಡ ಹತ್ತುತ್ತಿದ್ದ ದಿನಗಳು. ನಡೆಯುವುದನ್ನು ಅಮೆರಿಕದವರು ನಮಗೆ ಕಲಿಸಬೇಕಾಗಿಲ್ಲ. ಆದರೆ ನಡೆದವರಿಗೆ ಮಾತ್ರ ಸಿಗಲಿ ಅಂತ ಒಂದಿಷ್ಟು ಜಾಗ ಅವರು ಉಳಿಸಿಕೊಂಡಿದ್ದಾರೆ. ಇಷ್ಟು ದೊಡ್ಡ ಮಲೆನಾಡಿನಲ್ಲಿ ಕೊಡಚಾದ್ರಿಯ ತುದಿಯನ್ನಾದರೂ ನಾವು ಹಾಗೆ ಬಿಡಬಾರದಿತ್ತೇ?

ಮರುದಿನ ಶರಾವತಿ ಹಿನ್ನೀರಿನ ಆಚೆಯ ತುಮರಿಗೆ ದೊಡ್ಡಮ್ಮನನ್ನು ನೋಡಲು ಹೋದೆ. ಇದನ್ನೇ ಅವರ ಮುಂದೆಯೂ ಹೇಳಿದೆ. ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು. "ಹೆರಿಗೆ ನೋವು ತಿನ್ನುತ್ತಾ ಹೊಳೆಬಾಗಿಲಲ್ಲಿ ಲಾಂಚ್ ಕಾದವಳು ನಾನು. ರಸ್ತೆ ಬೇಡ ಅನ್ನಬೇಡ ಮಾರಾಯ."

ಅದೇ 1964ರಲ್ಲಿ ಇಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಿತ್ತು. ಅವರ ಊರಿನ ದಾರಿ ನೀರಿನಡಿ ಹೋಯಿತು. ಹಿನ್ನೀರು ದಾಟಲು ಲಾಂಚ್ ಎಂಬ ದೋಣಿಗೆ ಕಾಯಬೇಕಿತ್ತು. ಅದರ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಷ್ಟು ವರ್ಷ ಕಾದವರ ಮುಂದೆ ನನ್ನ ಹತ್ತಿರ ಮಾತಿರಲಿಲ್ಲ. ಊರಿಗೆ ರಸ್ತೆ ಬೇಕು, ಒಪ್ಪಿದೆ. ಮಂಡಿನೋವಿನ ಅಮ್ಮ ಕೊಡಚಾದ್ರಿ ಕಂಡದ್ದೂ ಜೀಪಿನಿಂದಲೇ.

ಆದರೂ ಹೊರಡುವ ಮುಂಚೆ ಚಿಕ್ಕಪ್ಪನ ಮಗನಿಗೆ ಹೇಳಿ ಬಂದಿದ್ದೇನೆ. ಮುಂದಿನ ಸಲ ನಸುಕಿಗೇ ಎದ್ದು ಕಟ್ಟಿನಹೊಳೆಯಿಂದ ನಡೆದು ಹತ್ತೋಣ. ಹೊಗೆಸೊಪ್ಪು ನಾನೇ ತರುತ್ತೇನೆ.