ಸರ್ವರೋಗಕ್ಕೂ ಒಂದೇ ಚಹಾ

ಸೂಪರ್‌ ಮಾರ್ಕೆಟ್ಟಿಗೆ ಚಹಾಪುಡಿ ತರಲು ಹೋದರೆ, ನಿಂತಿರುವುದು ಕಿರಾಣಿ ಸಾಲಿನಲ್ಲೋ ಔಷಧಿ ಅಂಗಡಿಯಲ್ಲೋ ಎಂದು ಅನುಮಾನ ಬರುತ್ತದೆ. ಒಂದು ಡಬ್ಬಿ ಹೊಟ್ಟೆ ಕರಗಿಸುತ್ತದೆ. ಪಕ್ಕದ್ದು ಇಮ್ಯುನಿಟಿ ಹೆಚ್ಚಿಸುತ್ತದೆ. ಮೂರನೆಯದು ಡಿಟಾಕ್ಸ್, ಅಂದರೆ ಮೈಯೊಳಗಿನ ವಿಷ ತೊಳೆಯುತ್ತದಂತೆ. ಲಿವರ್ ಮತ್ತು ಕಿಡ್ನಿ ಹುಟ್ಟಿದಂದಿನಿಂದ ಸಂಬಳವಿಲ್ಲದೆ ಮಾಡಿಕೊಂಡು ಬಂದ ಕೆಲಸವನ್ನು 25 ಪೊಟ್ಟಣಗಳಿಗೆ ಗುತ್ತಿಗೆ ಕೊಟ್ಟಾಗಿದೆ. ಡಬ್ಬಿಯ ಮುಂದೆ ಸಪೂರ ಸೊಂಟ, ಅದರ ಸುತ್ತ ಅಳತೆಯ ಟೇಪು. ಹಿಂದೆ ತಿರುಗಿಸಿದರೆ ಇರುವೆ ಮಾತ್ರ ಓದಬಲ್ಲ ಅಕ್ಷರದಲ್ಲಿ ಒಂದು ಸಾಲು: ಹಿತಮಿತ ಆಹಾರ ಮತ್ತು ದಿನಾ ವ್ಯಾಯಾಮದ ಜೊತೆ ಕುಡಿದರೆ ಪರಿಣಾಮಕಾರಿ. ಅವೆರಡನ್ನೂ ಮಾಡುವವನಿಗೆ ಬರೀ ಬಿಸಿನೀರೂ ಪರಿಣಾಮಕಾರಿಯೇ, ಅಲ್ವಾ?

ಇಂಥ ಡಬ್ಬಿಗಳ ಮೇಲೆ ಶೆನ್ನಾಂಗ್ ಎಂಬ ಚೀನಾ ಚಕ್ರವರ್ತಿಯ ಕಥೆಯೂ ಇರುತ್ತದೆ. ಅವನು ಕಾಯಿಸುತ್ತಿದ್ದ ನೀರಿಗೆ ಗಾಳಿಗೆ ಹಾರಿಬಂದ ಎಲೆ ಬಿತ್ತಂತೆ, ಚಹಾ ಹುಟ್ಟಿತಂತೆ. ಇಸವಿ ಮಾತ್ರ ಕರಾರುವಾಕ್ಕು: ಕ್ರಿ.ಪೂ. 2737. ಗಾಳಿ ಯಾವ ದಿಕ್ಕಿನಿಂದ ಬೀಸಿತ್ತು ಅನ್ನುವುದೊಂದನ್ನು ಬರೆದಿಟ್ಟಿಲ್ಲ.

ಇವತ್ತಿನ ಕಂಪನಿಗಳನ್ನು ಸುಮ್ನೆ ಬೈಯುವುದು ಬೇಡ. ಅವು ಹಿರಿಯರ ಕಸುಬನ್ನು ಮುಂದುವರಿಸುತ್ತಿವೆ, ಅಷ್ಟೆ. 1660ರ ಸುಮಾರಿಗೆ ಲಂಡನ್ನಿನಲ್ಲಿ ಥಾಮಸ್ ಗಾರ್ವೆ ಎಂಬ ವ್ಯಾಪಾರಿ ಚಹಾ ಮಾರಲು ಒಂದು ಹಾಳೆಯ ಜಾಹೀರಾತು ಅಚ್ಚು ಹಾಕಿಸಿದ. ತಲೆನೋವು, ತಲೆಸುತ್ತು, ಕಿಡ್ನಿ ಕಲ್ಲು, ಉಬ್ಬಸ, ಜ್ವರ, ನೆಗಡಿ, ಕೆಟ್ಟ ಕನಸು, ಮರೆವು, ಅತಿನಿದ್ದೆ ಎಲ್ಲಕ್ಕೂ ಇದೇ ಮದ್ದು. ಹಾಲು ಹಾಕಿ ಕುಡಿದರೆ ಕ್ಷಯವೂ ಹತ್ತಿರ ಸುಳಿಯುವುದಿಲ್ಲ. ಅವನ ಪಟ್ಟಿಯಲ್ಲಿ ಇಲ್ಲದ ಕಾಯಿಲೆ ಒಂದೇ, ಜೇಬಿನದು. ಪೌಂಡ್ ತೂಕದ ಎಲೆಗೆ 16ರಿಂದ 50 ಶಿಲ್ಲಿಂಗ್ ಕೊಟ್ಟವನಿಗೆ ಅದು ಗ್ಯಾರಂಟಿಯಾಗಿ ಬರುತ್ತಿತ್ತು.

ಆದರೂ ಗಾರ್ವೆ ಎಷ್ಟು ಕಪ್ಪು ಕುಡಿಯಬೇಕು ಎಂದು ಜಬರದಸ್ತು ಮಾಡಲಿಲ್ಲ. ಆ ಕೊರತೆ ನೀಗಿಸಿದವನು ಹಾಲೆಂಡಿನ ವೈದ್ಯ ಕಾರ್ನೆಲಿಸ್ ಬೊಂಟೆಕೂ. ದಿನಕ್ಕೆ ಎಂಟು ಹತ್ತು ಕಪ್ಪು ಬರೀ ಆರಂಭವಂತೆ. 50, 100, ಕೊನೆಗೆ 200 ಕಪ್ಪು ಕುಡಿದರೂ ತೊಂದರೆಯಿಲ್ಲ ಎಂದು ಬರೆದ. 200 ಕಪ್ಪು ಕುಡಿದವನಿಗೆ ಬೇರೆ ವ್ಯಾಯಾಮ ಬೇಡ ಬಿಡಿ, ಬಚ್ಚಲಿಗೆ ಓಡಾಡಿಯೇ ಮೈ ಇಳಿಯುತ್ತದೆ. ಚಹಾ ತರಿಸುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿ ಇವನಿಗೆ ಕಾಸು ಕೊಡುತ್ತಿತ್ತು ಎಂಬ ಗುಮಾನಿ ಆಗಿನಿಂದಲೂ ಇದೆ. ಈಗಿನ ಇನ್‌ಫ್ಲುಯೆನ್ಸರ್‌ಗಳು ಮೂಲಪುರುಷನ ಫೋಟೊ ಇಟ್ಟುಕೊಳ್ಳುವುದಾದರೆ ಇವನದೇ ಇಟ್ಟುಕೊಳ್ಳಬೇಕು.

ವಿರೋಧಿಗಳೂ ಏನು ಕಡಿಮೆಯಿರಲಿಲ್ಲ. 1750ರ ದಶಕದಲ್ಲಿ ಜೋನಸ್ ಹ್ಯಾನ್ವೆ ಎಂಬಾತ, ಚಹಾದಿಂದ ಗಂಡಸರ ಎತ್ತರವೂ ಹೆಂಗಸರ ಚೆಲುವೂ ಹೋಯಿತು ಎಂದು ಗೋಳಾಡಿದ. ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಅವನ ಮೇಲೆ ಹರಿಹಾಯ್ದ. ನನ್ನ ಕೆಟಲಿಗೆ ತಣ್ಣಗಾಗಲು ಪುರಸೊತ್ತೇ ಇಲ್ಲ ಎಂದು ಹೆಮ್ಮೆಯಿಂದ ಒಪ್ಪಿಕೊಂಡ.

ನಮ್ಮ ದೇಶದ ಅಧ್ಯಾಯ ಇನ್ನೂ ಸ್ವಾರಸ್ಯದ್ದು. ಅಸ್ಸಾಮಿನ ಸಿಂಗ್ಫೋ ಜನ ಚಹಾ ಕುಡಿಯುತ್ತಿದ್ದುದನ್ನು 1823ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ನೋಡಿದ. ಹಾಗಾಗಿ ಅಸ್ಸಾಂ ಚಹಾವನ್ನು ‘ಕಂಡುಹಿಡಿದ’ ಕೀರ್ತಿ ಅವನಿಗೇ ಹೋಯಿತು. 1839ರಲ್ಲಿ ಲಂಡನ್ ಹರಾಜಿನಲ್ಲಿ ಅಸ್ಸಾಂ ಚಹಾದ ಮೊದಲ ಪೆಟ್ಟಿಗೆಗಳು ಮಾರಾಟವಾದವು. ಅಲ್ಲಿಂದ ಮುಂದೆ ಎಷ್ಟೋ ದಶಕ ಒಳ್ಳೆಯ ಎಲೆಯೆಲ್ಲ ಹಡಗು ಹತ್ತುತ್ತಿತ್ತು. ಇಲ್ಲಿನವರ ಆರೋಗ್ಯದ ಚಿಂತೆ ತೋಟದ ದೊರೆಗಳಿಗೆ ಅಷ್ಟಾಗಿ ಇರಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಗೋದಾಮು ತುಂಬಿ ಬೆಲೆ ಬಿತ್ತು ನೋಡಿ, ಆಗ ಕರುಣೆ ಉಕ್ಕಿತು. ಊರೂರಿಗೆ ಚಹಾದ ವ್ಯಾನು, ಪುಕ್ಕಟೆ ಕಪ್ಪು, ರೈಲ್ವೆ ಸ್ಟೇಷನ್ನಿನಲ್ಲಿ ತಗಡಿನ ಬೋರ್ಡು.

ನಮ್ಮವರು ಕಲಿತರು. ಆದರೆ ತಮ್ಮ ರೀತಿಯಲ್ಲಿ ಕಲಿತರು. ಎಲೆ ಚಿಟಿಕೆಯಷ್ಟು, ಹಾಲು ಸಕ್ಕರೆ ಧಾರಾಳ, ಮೇಲೆ ಶುಂಠಿ ಏಲಕ್ಕಿ. ಪ್ರಚಾರಕರಿಗೆ ಹೊಟ್ಟೆ ಉರಿಯಿತು. ಮಸಾಲೆ ಜಾಸ್ತಿಯಾದರೆ ಎಲೆ ಕಡಿಮೆ ಖರ್ಚಾಗುತ್ತದಲ್ಲ! ಅವರು ಬೇಡ ಎಂದ ಅದೇ ಮಸಾಲಾ ಚಹಾವನ್ನು ಈಗ ಪರದೇಶದವರು ಭಾರತದ ಪುರಾತನ ಆರೋಗ್ಯ ರಹಸ್ಯ ಎಂದುಕೊಂಡು ಡಾಲರ್ ಕೊಟ್ಟು ಕುಡಿಯುತ್ತಿದ್ದಾರೆ.

ರಸಾಯನ ವಿಜ್ಞಾನಿ ಪ್ರಫುಲ್ಲಚಂದ್ರ ರಾಯ್ ಚಹಾವನ್ನು ವಿಷ ಎಂದು ಜರೆದರು. ಗಾಂಧೀಜಿಯೂ ಅದರ ಟ್ಯಾನಿನ್ ಎಂಬ ಒಗರು ಅಂಶ ಒಳ್ಳೆಯದಲ್ಲ ಎಂದರು. ಚಹಾ ಮಾರುವವರು ಇಬ್ಬರಿಗೂ ವಾದದಿಂದ ಉತ್ತರ ಕೊಡಲಿಲ್ಲ. 1947ರಲ್ಲಿ ಒಂದು ಪೋಸ್ಟರ್ ತಂದರು, ಅಷ್ಟೆ. ಹೆಂಗಸೊಬ್ಬಳು ಚರಕದ ಮುಂದೆ ಕೂತಿದ್ದಾಳೆ, ಕೈಯಲ್ಲಿ ಚಹಾ. ಚಹಾ ನೂರಕ್ಕೆ ನೂರು ಸ್ವದೇಶಿ ಎಂಬ ಒಕ್ಕಣೆ. ಚರಕದ ಯಜಮಾನರೇ ಬೇಡ ಎಂದದ್ದನ್ನು ಚರಕದ ಪಕ್ಕದಲ್ಲೇ ಇಟ್ಟು ಮಾರುವ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ.

2012ರಲ್ಲಿ ಸರ್ಕಾರಕ್ಕೂ ಹುರುಪು ಬಂತು. ಮರುವರ್ಷ ಏಪ್ರಿಲ್ 17ರೊಳಗೆ ಚಹಾವನ್ನು ರಾಷ್ಟ್ರೀಯ ಪಾನೀಯ ಮಾಡುತ್ತೇವೆ ಎಂದು ಯೋಜನಾ ಆಯೋಗದ ಉಪಾಧ್ಯಕ್ಷ ಮಾಂಟೆಕ್ ಸಿಂಗ್ ಅಹ್ಲುವಾಲಿಯಾ ಹೇಳಿದರು. ಹಾಲಿನ ಅಮುಲ್ ತಕರಾರು ತೆಗೆಯಿತು. ಏಪ್ರಿಲ್ ಬಂತು, ಹೋಯಿತು. ಕಾಫಿ ಕುಡಿಯುವ ಚಿಕ್ಕಮಗಳೂರಿನವರು ದೇಶದ್ರೋಹಿಗಳಾಗುವುದು ಸ್ವಲ್ಪದರಲ್ಲಿ ತಪ್ಪಿತು.

ಇನ್ನು ಬೆಲೆಯ ಮಾತು. 2021ರ ಡಿಸೆಂಬರ್‌ನಲ್ಲಿ ಗುವಾಹಟಿ ಹರಾಜಿನಲ್ಲಿ ಅಸ್ಸಾಮಿನ ಮನೋಹರಿ ಗೋಲ್ಡ್ ಚಹಾ ಕಿಲೋಗೆ 99,999 ರೂಪಾಯಿಗೆ ಹೋಯಿತು. ಲಕ್ಷಕ್ಕೆ ಒಂದು ರೂಪಾಯಿ ಕಡಿಮೆ, ಚಪ್ಪಲಿ ಅಂಗಡಿಯ ಬೆಲೆಚೀಟಿಯ ಹಾಗೆ. ಆಗ ಅಸ್ಸಾಮಿನ ಬ್ರಹ್ಮಪುತ್ರ ಕಣಿವೆಯ ತೋಟಗಳಲ್ಲಿ ಎಲೆ ಕೀಳುವವರ ದಿನಗೂಲಿ 205 ರೂಪಾಯಿ. ಒಂದು ಕಿಲೋ ಕೊಳ್ಳಲು ಊಟತಿಂಡಿ ಬಿಟ್ಟು ದುಡಿದರೂ ಒಂದೂಕಾಲು ವರ್ಷಕ್ಕೂ ಜಾಸ್ತಿ ಬೇಕು. ಚಹಾ ಕುಡಿದರೆ ಆಯಸ್ಸು ಹೆಚ್ಚುತ್ತದೆ ಎನ್ನುವುದು ಇಂಥ ಲೆಕ್ಕಕ್ಕೇ ಇರಬೇಕು.

ಹಾಗಾದರೆ ಚಹಾದಲ್ಲಿ ಏನೂ ಇಲ್ಲವೇ? ಇದೆ. ಕ್ಯಾಟೆಚಿನ್ ಎಂಬ ಆ್ಯಂಟಿಆಕ್ಸಿಡೆಂಟುಗಳಿವೆ. ಮಂಪರು ಬಿಡಿಸುವಷ್ಟು ಕೆಫೀನ್ ಇದೆ. ನಾವು ಅದನ್ನು ಹಾಲಲ್ಲಿ ಕುದಿಸಿ ಕುದಿಸಿ, ಎರಡು ಚಮಚ ಸಕ್ಕರೆ ಹಾಕಿ, ಖಾರಿ ಅದ್ದಿಕೊಂಡು, ‘ಹೃದಯಕ್ಕೆ ಒಳ್ಳೇದಂತೆ’ ಎನ್ನುತ್ತೇವೆ. ಡಬ್ಬಿಯ ಮೇಲೆ ಬರೆಯದ ಸಂಗತಿಗಳೂ ಇವೆ. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಹೇಳಿದೆ. ಊಟದ ಜೊತೆ ಕುಡಿದರೆ ಟ್ಯಾನಿನ್ನು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವ ದೇಶ ನಮ್ಮದು. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2024ರ ಆಹಾರ ಸಲಹೆಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ ಕಾಫಿ ಬೇಡ ಎಂದಿತು.

ಸಲಹೆ ಪಾಲಿಸಲು ಕೂತರೆ ಲೆಕ್ಕ ಹೀಗಾಗುತ್ತದೆ. ಎಂಟಕ್ಕೆ ತಿಂಡಿ, ಹಾಗಾಗಿ ಏಳರಿಂದ ಒಂಬತ್ತೂವರೆ ತನಕ ಬಂದ್. ಹತ್ತಕ್ಕೆ ಮೀಟಿಂಗಿನಲ್ಲಿ ಚಹಾ ಕೊಡುತ್ತಾರೆ, ಆದರೆ ಜೊತೆಗೆ ಸಮೋಸ ಬರುತ್ತದೆ. ಹನ್ನೆರಡರಿಂದ ಮೂರರವರೆಗೆ ಊಟದ ಹಿಂದುಮುಂದು. ಸಂಜೆ ಕುಡಿಯೋಣವೆಂದರೆ ಹುಬ್ಬಳ್ಳಿಯಲ್ಲಿ ಮಿರ್ಚಿ, ಗಿರ್ಮಿಟ್ ಇಲ್ಲದ ಚಾಕ್ಕೆ ಯಾರೂ ಕರೆಯುವುದಿಲ್ಲ. ರಾತ್ರಿ ಊಟವಾಗಿ ಒಂದು ಗಂಟೆ ಕಳೆದು ಅಂತೂ ಹನ್ನೊಂದಕ್ಕೆ ಆರಾಮಾಗಿ ಒಂದು ಕಪ್ಪು ಹೀರಬಹುದು. ಆಮೇಲೆ ನಿದ್ದೆ ಬರುವುದಿಲ್ಲ. ಚಿಂತೆ ಬೇಡ, ಅದಕ್ಕೂ ಸೂಪರ್‌ ಮಾರ್ಕೆಟ್ಟಿನಲ್ಲಿ ಸ್ಲೀಪ್ ಟೀ ಇದೆ. ಒಣ ಹೂವಿನದು, ಚಹಾ ಎಲೆ ಒಂದೂ ಇರುವುದಿಲ್ಲ. ಬೆಲೆ ಮಾತ್ರ ಚಹಾಕ್ಕಿಂತ ಜಾಸ್ತಿ.