ಓದಿ ನೋಡೋಕೆ ಏನು ಕಷ್ಟ?

ಇವತ್ತು ತಡೆಯಲಾಗಲಿಲ್ಲ. ಡಿಜಿಟಲ್ ಡಿಸೈನ್ ಕ್ಲಾಸಿನಲ್ಲಿ ನವೆಂಬರ್ 1ಕ್ಕೆ ಪೋಸ್ಟರ್ ಮಾಡಿ ಅಂದಿದ್ದೆ. ಮೊದಲನೆಯದರಲ್ಲೇ ದಪ್ಪಗೆ ‘ರಾಜ್‌ಯೋತ್‌ಸವ’! ಯ ಒತ್ತು ಕೆಳಗಿಳಿದಿಲ್ಲ, ಪಕ್ಕದಲ್ಲಿ ಪೂರ್ತಿ ಯೋ ಆಗಿ ನಿಂತಿದೆ. ‘ಚೆನ್ನಾಗಿದೆ ಅಲ್ವಾ ಸರ್?’ ಅಂತಾನೆ ಹುಡುಗ. ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು! ಹಳದಿ ಕೆಂಪು ಗ್ರೇಡಿಯಂಟಿಗೆ ಎರಡು ದಿನ ಕೂತಿದ್ದಾನೆ, ಬರೆದದ್ದನ್ನು ಒಂದು ಸಲ ಓದಿಲ್ಲ.

ಡಿಸೈನ್ ಸಾಫ್ಟ್‌ವೇರಿನ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ಭಾರತೀಯ ಲಿಪಿಗಳ ಕಂಪೋಸರ್, ಅಂದರೆ ಒತ್ತುಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ, ಆರಿಸಿಕೊಳ್ಳಿ ಅಂತ ಇನ್ನೆಷ್ಟು ಸಲ ಹೇಳಲಿ? ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಕ್ಕೆ ಸುಮ್ನೆ ಯೂನಿಕೋಡ್ ಫಾಂಟ್ ಹಾಕಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ, ಅದೂ ಕಾಣುವುದಿಲ್ಲವಾ? ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಡುತ್ತಾರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಗುದ್ದುತ್ತದೆ. ಇಂಗ್ಲಿಷಿನ ಒಂದು ಪದಕ್ಕೆ ಐವತ್ತು ಫಾಂಟ್ ಹಾಕಿ ನೋಡುವವರಿಗೆ ಕನ್ನಡಕ್ಕೆ ಕಣ್ಣಿಗೆ ಬಿದ್ದ ಮೊದಲನೆಯದೇ ಸಾಕು. ಬಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ನೋಟೋ ಅಂತ ಕನ್ನಡ ಫಾಂಟುಗಳೆಲ್ಲಾ ಪುಕ್ಕಟೆ ಸಿಗುತ್ತವೆ, ತೆಗೆದು ನೋಡುವವರು ಯಾರು?

ಪೋಸ್ಟರ್ ಮಾಡುವುದೇ ಜನ ಓದಲಿ ಅಂತ ಅಲ್ವಾ? ಇದೇ ಒಡೆದ ಅಕ್ಷರ ನಾಳೆ ಬಸ್ ಸ್ಟ್ಯಾಂಡಿನಲ್ಲಿ 20 ಅಡಿ ಫ್ಲೆಕ್ಸ್ ಆಗಿ ನಿಂತಿರುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ ನನಗೆ.