"ಅದು ಆ ಕಡೆ ಇರುತ್ತೆ, ರೀಸ್ಟಾರ್ಟ್ ಮಾಡು"

ಈಗಷ್ಟೇ ಶಾಲೆಯಿಂದ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಪ್ರತಿ ಶನಿವಾರ ಒಂದು ಸರ್ಕಾರಿ ಶಾಲೆಗೆ ಕಂಪ್ಯೂಟರ್ ಹೇಳಿಕೊಡಲು ಹೋಗುತ್ತೇನೆ. ಲ್ಯಾಬಿನಲ್ಲಿ 12 ಕಂಪ್ಯೂಟರ್. ಎಲ್ಲದರಲ್ಲೂ ವಿಂಡೋಸ್ 10 ಇದೆ, ಅದರಂತೆಯೇ ಕಂಪ್ಯೂಟರ್ ನಡೆಸುವ, ಉಚಿತವಾಗಿ ಸಿಗುವ ಉಬುಂಟುವೂ ಇದೆ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತದೆ. 10 ಸೆಕೆಂಡ್ ಸುಮ್ನಿದ್ದರೆ ಉಬುಂಟುಗೇ ಹೋಗುತ್ತದೆ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೋದ ವಾರ ಅಜ್ಜಿಯ ಹೂವಿನ ವ್ಯಾಪಾರದ ಬಗ್ಗೆ ಒಂದೂವರೆ ಪುಟ ಬರೆದಿದ್ದಳು. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಸೇವಂತಿಗೆ ತರುವುದು, ಮೊಳ ಹಾಕಿ ಮಾರುವುದು, ಎಲ್ಲ. ಇವತ್ತು ಬಂದು ಕೂತರೆ ಫೈಲ್ ಇಲ್ಲ. "ಮಿಸ್, ಯಾರೋ ಡಿಲೀಟ್ ಮಾಡಿಬಿಟ್ಟಿದ್ದಾರೆ" ಅಂದಳು. ಕಣ್ಣು ತುಂಬಿತ್ತು. ಪಕ್ಕದ ಹುಡುಗ ತಲೆ ಎತ್ತದೆ ಹೇಳಿದ: "ಅದು ಆ ಕಡೆ ಇರುತ್ತೆ, ರೀಸ್ಟಾರ್ಟ್ ಮಾಡು."

ಆ ಕಡೆ ಅಂದರೆ ವಿಂಡೋಸ್. ಹೋದ ವಾರ ಅವಳು ಬರೆದದ್ದು ಅಲ್ಲಿ, ಇವತ್ತು ಕೂತಿದ್ದು ಉಬುಂಟುವಿನಲ್ಲಿ. ಆ ಮಾತು ಕೇಳಿ ನನಗೆ ತುಂಬಾ ಬೇಜಾರಾಯಿತು. ಮಕ್ಕಳಿಗೆ ಇದು ಅಭ್ಯಾಸವೇ ಆಗಿಹೋಗಿದೆ.

ರೀಸ್ಟಾರ್ಟ್ ಬೇಡ ಅಂತ ಉಬುಂಟುವಿನಿಂದಲೇ ವಿಂಡೋಸ್ ಡ್ರೈವ್ ತೆರೆದೆ. ಫೈಲ್ ಸಿಕ್ಕಿತು. ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅವಳು ಬರೆದದ್ದು ಇಂಗ್ಲಿಷ್ ಅಕ್ಷರಗಳನ್ನೇ ಕನ್ನಡದಂತೆ ತೋರಿಸುವ ಹಳೇ ನುಡಿ ಫಾಂಟ್‌ನಲ್ಲಿ, ಆ ಫಾಂಟ್ ಉಬುಂಟುವಿನಲ್ಲಿ ಇಲ್ಲ. ತನ್ನ ಅಜ್ಜಿಯ ಹೆಸರನ್ನೂ ಅವಳಿಗೆ ಗುರುತು ಹಿಡಿಯಲಾಗಲಿಲ್ಲ. ಅಲ್ಲಿ ಏನಾದರೂ ತಿದ್ದೋಣ ಅಂದರೆ ಸೇವ್ ಕೂಡ ಆಗುವುದಿಲ್ಲ. ವಿಂಡೋಸ್‌ನಲ್ಲಿ ಬೇಗ ಮೇಲೇಳಲು ಇರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಹಾಗಾಗಿ ಉಬುಂಟು ಆ ಡ್ರೈವನ್ನು ಓದಲು ಮಾತ್ರ ಬಿಡುತ್ತದೆ. ಇಂಟರ್ನೆಟ್ ಇಲ್ಲದ ಲ್ಯಾಬ್ ಬೇರೆ, ಗಡಿಯಾರ ತಾನಾಗಿ ಸರಿಹೋಗುವುದಿಲ್ಲ. ಬೆಳಿಗ್ಗೆ 11 ಗಂಟೆಗೆ ಪರದೆ ಮೇಲೆ ಸಂಜೆ 4.30. ಕಂಪ್ಯೂಟರಿನೊಳಗಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯ ಅಂತ ಓದುತ್ತದೆ, ಉಬುಂಟು ಅದನ್ನೇ ಗ್ರೀನಿಚ್ ಸಮಯ ಅಂದುಕೊಂಡು ಐದೂವರೆ ಗಂಟೆ ಸೇರಿಸುತ್ತದೆ.

ಕೊನೆಗೆ ರೀಸ್ಟಾರ್ಟ್ ಮಾಡಿದೆವು. ಹಳೇ ಹಾರ್ಡ್ ಡಿಸ್ಕ್, ವಿಂಡೋಸ್ ಮೇಲೇಳುವ ಹೊತ್ತಿಗೆ 40 ನಿಮಿಷದ ಪೀರಿಯಡ್ ಮುಗಿಯುತ್ತಾ ಬಂದಿತ್ತು. ಅವಳು ಒಂದೇ ಒಂದು ಸಾಲು ಸೇರಿಸಿದಳು. ಬೆಲ್ ಹೊಡೆಯಿತು.

"ಎರಡೂ ಕಲಿಯಲಿ ಬಿಡಿ, ಮುಂದೆ ಅನುಕೂಲ" ಅಂತ ಕೆಲವರು ಹೇಳುತ್ತಾರೆ. ಕಲಿಯಲಿ, ನನಗೂ ಅದೇ ಆಸೆ. ಆದರೆ ಕಪ್ಪು ಪರದೆ ನೋಡುತ್ತಾ ಕೂತರೆ ಏನು ಕಲಿತ ಹಾಗಾಯಿತು? ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವಿಗೆ ಹತ್ತು ನಿಮಿಷ ಹೋದರೆ ಏನೂ ಆಗಲ್ಲ. ಈ ಮಕ್ಕಳಿಗೆ ವಾರಕ್ಕೆ ಸಿಗುವುದೇ ಆ 40 ನಿಮಿಷ. ಅದೂ ಒಂದು ಕಂಪ್ಯೂಟರಿಗೆ ಮೂವರು.

ವಿಂಡೋಸ್ ತೆಗೆದುಹಾಕಿ ಅನ್ನುವವರಿಗೆ ಕೇರಳ ನೆನಪಾಗುತ್ತದೆ. ಅಲ್ಲಿ ಶಿಕ್ಷಕರ ತರಬೇತಿ, ಪಠ್ಯ ಎಲ್ಲ ಉಬುಂಟುವಿಗೆ ಮೂಲವಾದ ಲಿನಕ್ಸ್‌ಗೇ ಹೊಂದಿಸಿ ಮಾಡಿದ್ದಾರೆ. ಇಲ್ಲಿ ಹಾಗಿಲ್ಲ, ಮೇಷ್ಟ್ರ ಕೆಲಸವೆಲ್ಲ ವಿಂಡೋಸ್‌ನಲ್ಲೇ. ಉಬುಂಟು ತೆಗೆಯಿರಿ ಅನ್ನುವವರಿಗೂ ಒಂದು ಮಾತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ. ಈ ಹಳೇ ಯಂತ್ರಗಳು ವಿಂಡೋಸ್ 11 ತೆಗೆದುಕೊಳ್ಳುವುದಿಲ್ಲ.

ಒಂದು ವಿಷಯ ಹೇಳಲೇಬೇಕು. ಎರಡು ವರ್ಷದ ಹಿಂದೆ ಆ 12ರಲ್ಲೂ ಉಬುಂಟು ಹಾಕಿದವಳು ನಾನೇ. ಮಕ್ಕಳು ಫೈಲ್ ಎಲ್ಲಿಡುತ್ತಾರೆ ಅಂತ ಆಗ ಯೋಚಿಸಲಿಲ್ಲ. ಮೇಷ್ಟ್ರನ್ನೂ ಕೇಳಲಿಲ್ಲ. ಇವತ್ತು ಆ ಹುಡುಗಿ ಮುಖ ನೋಡಿದಾಗಿನಿಂದ ಅದೇ ಕೊರೆಯುತ್ತಿದೆ.

ಮುಂದಿನ ಶನಿವಾರ ಬೆಳಿಗ್ಗೆ ಎಂಟಕ್ಕೇ ಹೋಗುತ್ತೇನೆ. ಪ್ರತಿ ಯಂತ್ರದಲ್ಲೂ ಎರಡೂ ಕಡೆ ಕಾಣುವ ಒಂದು ಡ್ರೈವ್, ಮಗುವಿಗೊಂದು ಫೋಲ್ಡರ್. ಫಾಸ್ಟ್ ಸ್ಟಾರ್ಟಪ್ ಆಫ್, ಗಡಿಯಾರ ಸರಿ. ಎರಡೂ ಕಡೆ ಕನ್ನಡ ಕನ್ನಡವಾಗಿಯೇ ಕಾಣುವ ಯೂನಿಕೋಡ್, ಎರಡೂ ಕಡೆ ಕನ್ನಡ ಟೈಪ್ ಮಾಡಲು ಅದೇ ಕಗಪ ಕೀಲಿಮಣೆ. ಯಾವ ದಿನ ಯಾವುದು ಅಂತ ಮೇಷ್ಟ್ರ ಜೊತೆ ಕೂತು ಬರೆದು ಬಾಗಿಲಿಗೆ ಅಂಟಿಸುತ್ತೇನೆ. 12 ಯಂತ್ರ, ಒಬ್ಬಳಿಂದ ಆಗಲ್ಲ. ಯಾರಾದರೂ ಇಬ್ಬರು ಬರ್ತೀರಾ? ತಿಂಡಿ ನಾನು ತರುತ್ತೇನೆ.